ಪೋರ್ಟ್ ಮತ್ತು ಹಾರ್ಬರ್: ಎರಡಕ್ಕೂ ನಾವು ಬಂದರು ಅಂತೇವೆ, ಇಂಗ್ಲಿಷಲ್ಲಿ ಯಾವುದು ಎಲ್ಲಿ ಹಾಕ್ಬೇಕು?

ಕಾಳಿದಂಡೆ, ಕಾರವಾರ

ಎಲ್ರಿಗೂ ನಮಸ್ಕಾರ. ನಮ್ಮ ಮೀನುಗಾರರ ಸಂಘದವರು ಒಂದು ಮನವಿ ಬರ್ದಿದ್ದಾರೆ, ಕನ್ನಡದಲ್ಲಿ ಉಂಟು, ದಿಲ್ಲಿಗೂ ಒಂದು ಪ್ರತಿ ಕಳಿಸ್ಬೇಕು ಅಂತ ಇಂಗ್ಲಿಷ್ ಮಾಡಿಕೊಡೋ ಕೆಲಸ ನನಗೆ ಬಂದಿದೆ. ಬರೆದವರು ನಮ್ಮ ಹಿರಿಯರು, ಒಂದೊಂದು ವಾಕ್ಯನೂ ಕೂತು ಮಾತಾಡಿ ಬರೆದದ್ದು, ಅದಕ್ಕೇ ನನ್ನ ಕೈಯಲ್ಲಿ ಅದರ ಅರ್ಥ ಕೆಡಬಾರ್ದು ಅಂತ ಇಲ್ಲಿ ಕೇಳ್ತಾ ಇದ್ದೇನೆ.

ತೊಡಕು ಇರೋದು ಬಂದರು ಅನ್ನೋ ಶಬ್ದದಲ್ಲೇ. ಮನವಿ ತುಂಬ ಅದೇ ಬರ್ತದೆ. ಒಂದು ಕಡೆ "ಬಂದರಿನಲ್ಲಿ ಹೂಳು ತುಂಬಿ ಬೋಟಿನ ತಳ ತಾಗುತ್ತಿದೆ" ಅಂತ ಇದೆ, ಇನ್ನೊಂದು ಕಡೆ "ತೂಫಾನಿನ ಸಮಯದಲ್ಲಿ ಹೊರಗಿನ ಬೋಟುಗಳೂ ನಮ್ಮ ಬಂದರನ್ನೇ ಆಶ್ರಯಿಸುತ್ತವೆ" ಅಂತ, ಆಮೇಲೆ "ಬಂದರು ಅಭಿವೃದ್ಧಿ ಮಾಡಿಕೊಡಬೇಕು" ಅಂತ ಮೂರನೇ ಬೇಡಿಕೆ, ಅದರ ಕೆಳಗೇ "ಬಂದರು ವಿಸ್ತರಣೆಗೆ ನಮ್ಮ ವಿರೋಧವಿದೆ" ಅಂತ. ನಮ್ಮವರು ಓದಿದ್ರೆ ಯಾವ ಬಂದರು ಯಾವುದು ಅಂತ ಥಟ್ ಅಂತ ಗೊತ್ತಾಗ್ತದೆ, ಆದ್ರೆ ನಾನು ಎಲ್ಲಾ ಕಡೆ ಪೋರ್ಟ್ ಅಂತ ಹಾಕಿದ್ರೆ ದಿಲ್ಲಿಯಲ್ಲಿ ಕೂತವರಿಗೆ ಇವರಿಗೆ ಬೇಕೋ ಬೇಡ್ವೋ ಅನ್ನೋದೇ ತಿಳಿಯೋದಿಲ್ಲ. ಡಿಕ್ಷನರಿಯಲ್ಲಿ ಪೋರ್ಟ್ ಅಂದ್ರೂ ಬಂದರು, ಹಾರ್ಬರ್ ಅಂದ್ರೂ ಬಂದರು.

ಊರಲ್ಲೇ ನೋಡಿದ್ರೂ ಹಾಗೇ. ಬೈತಖೋಲಲ್ಲಿ ಒಂದು ಕಡೆ ಕಾರವಾರ ಪೋರ್ಟು, ಅದಕ್ಕೆ ಒತ್ತಿಕೊಂಡೇ ಫಿಶಿಂಗ್ ಹಾರ್ಬರ್, ನೀರು ನೋಡಿದ್ರೆ ಒಂದೇ ನೀರು. ಅರ್ಗಾದಲ್ಲಿ ನೇವಿಯವರದ್ದು, ಅದಕ್ಕೆ ಪೋರ್ಟ್ ಅಂತ ಯಾರೂ ಹೇಳೋದು ಕೇಳಿಲ್ಲ, ನೇವಲ್ ಬೇಸ್ ಅಂತಾರೆ. ಇದಕ್ಕೆಲ್ಲ ಒಂದು ಲೆಕ್ಕ ಇರ್ಲೇಬೇಕಲ್ಲ? ಇಂಗ್ಲಿಷ್ ಓದಿದವರು, ಹಡಗಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ, ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಘಟ್ಟದ ಮೇಲಿನವಳು, ಶಿರಸಿ

ತಮ್ಮಾ, ನೀನು ಎಲ್ಲಾ ಕಡೆ ಒಂದೇ ಶಬ್ದ ಹಾಕದೆ ನಿಂತು ಯೋಚನೆ ಮಾಡ್ತಾ ಇರೋದು ಖುಷಿ ಆಯ್ತು. ನಾನು ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡೋಳು, ನನಗೆ ತಿಳಿದಷ್ಟು ಹೇಳ್ತೆ.

ಹಾರ್ಬರ್ ಅಂದ್ರೆ ನೀರು, ಪೋರ್ಟ್ ಅಂದ್ರೆ ವ್ಯವಹಾರ. ಇದನ್ನ ಗಟ್ಟಿ ಹಿಡ್ಕೊಂಡ್ರೆ ಮುಕ್ಕಾಲು ಪಾಲು ಜಾಗದಲ್ಲಿ ಅರ್ಥ ಕೆಡೋದಿಲ್ಲ. ಗಾಳಿ ಅಲೆ ಹೊಡೆಯದ ಹಾಗೆ ಹಡಗೋ ದೋಣಿಯೋ ನಿರಾಳವಾಗಿ ನಿಲ್ಲೋಕೆ ಆಗೋ, ಸಾಕಷ್ಟು ಆಳ ಇರೋ ನೀರಿನ ಜಾಗ ಹಾರ್ಬರ್. ಗುಡ್ಡ, ದ್ವೀಪ, ನದಿ ತಿರುವು ಇವುಗಳಿಂದ ತಾನಾಗೇ ಆದದ್ದೂ ಹಾರ್ಬರೇ, ಬಂಡೆ ತಂದು ಸುರಿದು ಬ್ರೇಕ್‌ವಾಟರ್ ಕಟ್ಟಿ ಮಾಡಿದ್ದೂ ಹಾರ್ಬರೇ. ಪೋರ್ಟ್ ಅಂದ್ರೆ ಸರಕು ಏರಿಸೋದು ಇಳಿಸೋದು, ಜನ ಹತ್ತೋದು, ಕಸ್ಟಮ್ಸ್, ಗೋದಾಮು, ಕ್ರೇನು, ಶುಲ್ಕ, ಲೈಸೆನ್ಸು, ಅಲ್ಲಿಂದ ಹೊರಗೆ ಹೋಗೋ ರಸ್ತೆ ರೈಲು ಎಲ್ಲ ಸೇರಿ ನಡೆಯೋ ಜಾಗ. ಕೆಲವು ಸಲ ಆ ಇಡೀ ಊರಿಗೇ ಪೋರ್ಟ್ ಅಂತಾರೆ.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಬಿಡಕಿಬೈಲಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ, ಜಾತ್ರೆ ಮುಗಿದು ಅಂಗಡಿ ಎಲ್ಲ ಎದ್ದು ಹೋದ ಮೇಲೆ ಬೈಲು ಬೈಲಾಗೇ ಇರ್ತದೆ. ಬೈಲು ಹಾರ್ಬರ್, ಜಾತ್ರೆ ಪೋರ್ಟ್. ಜಾತ್ರೆ ಬೇರೆ ಕಡೆ ಮಾಡ್ಬಹುದು, ಬೈಲನ್ನ ಎತ್ತಿಕೊಂಡು ಹೋಗೋಕೆ ಬರೋದಿಲ್ಲ.

ಇನ್ನು ಶಬ್ದದ ಮೂಲ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗ್ತದೆ. ಹಾರ್ಬರ್ ಹಳೇ ಇಂಗ್ಲಿಷಿನ ಹೆರೆಬೆಯೋರ್ಗ್ ಅನ್ನೋದ್ರಿಂದ ಬಂದದ್ದು, ಹೆರೆ ಅಂದ್ರೆ ಸೈನ್ಯ, ಬೆಯೋರ್ಗ್ ಅಂದ್ರೆ ಆಸರೆ. ಅಂದ್ರೆ ಮೊದಲಿಗೆ ಅದಕ್ಕೂ ಸಮುದ್ರಕ್ಕೂ ಸಂಬಂಧವೇ ಇರ್ಲಿಲ್ಲ, ದಂಡು ತಂಗೋ ಜಾಗ, ಆಮೇಲೆ ದಾರಿಹೋಕರು ರಾತ್ರಿ ಉಳಿಯೋ ಛತ್ರ, ಅದಾದ ಮೇಲೆ ಹಡಗಿಗೆ ಆಸರೆ ಕೊಡೋ ನೀರು. ಜರ್ಮನಿನಲ್ಲಿ ಹೆರ್‌ಬೆರ್ಗ, ಫ್ರೆಂಚಿನಲ್ಲಿ ಓಬೆರ್ಜ್ ಅಂತ ಇವತ್ತಿಗೂ ತಂಗುಮನೆಗೆ ಹೇಳ್ತಾರೆ, ಅವೆಲ್ಲ ಇದೇ ಬಳಗ. ಪೋರ್ಟ್ ಬಂದದ್ದು ಲ್ಯಾಟಿನ್ನಿನ ಪೋರ್ಟುಸ್‌ನಿಂದ, ಅದಕ್ಕೆ ಹತ್ತಿರದ ನೆಂಟ ಪೋರ್ಟಾ, ಅಂದ್ರೆ ಬಾಗಿಲು. ಒಂದರ ಒಳಗೆ ಆಸರೆ ಅನ್ನೋ ಅರ್ಥ ಕೂತಿದೆ, ಇನ್ನೊಂದರ ಒಳಗೆ ಹಾದುಹೋಗೋದು, ದಾಟೋದು ಅನ್ನೋದು.

ಅದಕ್ಕೇ ನೋಡು, ವಿಮಾನ ಇಳಿಯೋ ಜಾಗಕ್ಕೆ ಏರ್‌ಪೋರ್ಟ್ ಅಂತಾರೆ, ಏರ್‌ಹಾರ್ಬರ್ ಅನ್ನೋದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಲ್ಲಿ ಸಮುದ್ರ ಎಲ್ಲಿಂದ ಬರ್ಬೇಕು, ಆದ್ರೂ ಅಲ್ಲಿ ಕಂಟೇನರ್ ಡಿಪೋ ಉಂಟು, ಕಸ್ಟಮ್ಸ್ ಕೆಲಸ ಅಲ್ಲೇ ಮುಗೀತದೆ, ಅಂಥದ್ದಕ್ಕೆ ಡ್ರೈ ಪೋರ್ಟ್ ಅಂತಾರೆ. ಡ್ರೈ ಹಾರ್ಬರ್ ಅಂತ ಹೇಳೋಕೇ ಬರೋದಿಲ್ಲ, ನೀರಿಲ್ಲದೆ ಹಾರ್ಬರ್ ಇಲ್ಲ.

ನಿನ್ನ ಮನವಿಯಲ್ಲಿ ಹೂಳು ತುಂಬಿದ್ದು ಹಾರ್ಬರ್‌ಗೆ. ಅದರಲ್ಲಿ ಎರಡು ಮಾತಿಲ್ಲ.

ಹಳೇ ನಾವಿಕ, ಹೊನ್ನಾವರ

ಮೇಡಂ ಹೇಳಿದ್ದು ಬರೋಬ್ಬರಿ ಉಂಟು. ನಾನು ಮರ್ಚೆಂಟ್ ನೇವಿಯಲ್ಲಿ ಇದ್ದು ಈಗ ರಿಟೈರ್ ಆದವ, ಹಡಗಿನವರು ಈ ಎರಡು ಶಬ್ದ ಹೇಗೆ ಬಳಸ್ತಾರೆ ಅಂತ ಹೇಳ್ತೇನೆ.

ಮುಂಬೈ ನೋಡಿದವರಿಗೆ ಇದು ಬೇಗ ತಿಳೀತದೆ, ನಮ್ಮ ಜಿಲ್ಲೆಯಲ್ಲಿ ಮುಂಬೈ ನೋಡದ ಮನೆ ಕಮ್ಮಿ. ಊರಿಗೂ ಎದುರಿನ ಮುಖ್ಯ ಭೂಮಿಗೂ ನಡುವೆ ಪೂರ್ವದ ಕಡೆ ದೊಡ್ಡ ನೀರು ಇದೆಯಲ್ಲ, ಎಲಿಫೆಂಟಾಕ್ಕೆ ಲಾಂಚಲ್ಲಿ ಹೋಗ್ತೇವಲ್ಲ, ಆ ನೀರಿಗೆ ಮುಂಬೈ ಹಾರ್ಬರ್ ಅಂತ ಹೆಸರು. ಲೋಕಲ್ ಟ್ರೇನಿನ ಹಾರ್ಬರ್ ಲೈನಿಗೆ ಆ ಹೆಸರು ಬಂದದ್ದೂ ಆ ಬದಿಯಿಂದ ಹೋಗೋದಕ್ಕೇ. ಈಗ ಆ ಒಂದು ಹಾರ್ಬರಲ್ಲಿ ಪೋರ್ಟ್ ಎಷ್ಟು? ಎರಡು. ಈಚೆ ದಡದಲ್ಲಿ ಹಳೇ ಮುಂಬೈ ಪೋರ್ಟ್, ಅದರ ಟ್ರಸ್ಟ್ ಆದದ್ದು 1873ರಲ್ಲಿ. ಆಚೆ ದಡದಲ್ಲಿ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಪೋರ್ಟ್, ಅದು ಶುರುವಾದದ್ದು 1989ರಲ್ಲಿ. ನೀರು ಒಂದೇ, ಒಳಗೆ ಬರೋ ಚಾನೆಲ್ ಒಂದೇ, ಆದ್ರೆ ಆಡಳಿತ ಬೇರೆ, ದರ ಬೇರೆ, ಸರಕು ಬೇರೆ. ಕಾರವಾರದ ತಮ್ಮ ಹೇಳಿದ್ನಲ್ಲ ನೀರು ಒಂದೇ ಕಾಣ್ತದೆ ಅಂತ, ಹೌದು, ಒಂದೇ. ಒಂದೇ ಹಾರ್ಬರಿನ ಒಳಗೆ ಮೀನಿನವರ ಧಕ್ಕೆಯೂ (ಬೋಟು ಕಟ್ಟೋ ಜೆಟ್ಟಿ) ಇರಬಹುದು, ಡಾಂಬರು ಟ್ಯಾಂಕರ್ ಬರೋ ಪೋರ್ಟಿನ ಬರ್ತೂ (ಹಡಗು ನಿಲ್ಲಿಸೋ ಕಟ್ಟೆ) ಇರಬಹುದು.

ಹಾರ್ಬರೇ ಇಲ್ಲದೆ ಪೋರ್ಟ್ ಇರ್ತದಾ ಅಂತ ಯಾರಾದ್ರೂ ಕೇಳ್ಬಹುದು. ಇರ್ತದೆ. ಮದ್ರಾಸು ಅದಕ್ಕೆ ದೊಡ್ಡ ಉದಾಹರಣೆ. ಈಸ್ಟ್ ಇಂಡಿಯಾ ಕಂಪನಿಯವರು 1639ರಲ್ಲಿ ಅಲ್ಲಿ ಜಾಗ ತಗೊಂಡ್ರು, ಅಲ್ಲಿ ಕೊಲ್ಲಿಯೂ ಇಲ್ಲ, ದ್ವೀಪವೂ ಇಲ್ಲ, ನೇರ ಮರಳು ದಂಡೆ, ದಿನವಿಡೀ ತೆರೆ ಒಡೀತಾ ಇರೋ ಕಡಲು. ಹಡಗು ದೂರದಲ್ಲಿ ಬಯಲು ಸಮುದ್ರದಲ್ಲೇ ಲಂಗರು ಹಾಕ್ಬೇಕು, ಅಲ್ಲಿಂದ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಮಾಡಿದ ಮಸೂಲಾ ದೋಣಿಯಲ್ಲಿ ಸಾಮಾನು, ಸಾಹೇಬರು, ಮೇಮ್‌ಸಾಹೇಬರು ಎಲ್ಲ ತೆರೆ ದಾಟಿ ದಡಕ್ಕೆ ಬರ್ಬೇಕು. ಎರಡು ಶತಮಾನಕ್ಕೂ ಹೆಚ್ಚು ಕಾಲ ಹೀಗೇ ನಡೀತು, ಆದ್ರೂ ಅದು ದೊಡ್ಡ ಪೋರ್ಟೇ, ಯಾಕಂದ್ರೆ ವ್ಯಾಪಾರ ಅಲ್ಲಿತ್ತು. 1861ರ ಹೊತ್ತಿಗೆ ಸಮುದ್ರದೊಳಗೆ ಚಾಚಿದ ಒಂದು ಕಬ್ಬಿಣದ ಕಟ್ಟೆ, ಪಿಯರ್ ಅಂತಾರೆ, ಅದು ಆಯ್ತು, ಆಮೇಲೆ 1870ರ ದಶಕದಲ್ಲಿ ಬ್ರೇಕ್‌ವಾಟರ್ ಕಟ್ಟೋಕೆ ಕೈ ಹಾಕಿದ್ರು, 1881ರಲ್ಲಿ ಚಂಡಮಾರುತ ಬಂದು ಅದನ್ನ ಒಡೆದು ಹಾಕ್ತು, ಮತ್ತೆ ಕಟ್ಟಿದ್ರು. ಅಂದ್ರೆ ಪೋರ್ಟ್ ಮೊದಲು ಬಂತು, ಹಾರ್ಬರನ್ನ ಆಮೇಲೆ ಮಾಡಿಕೊಂಡ್ರು.

ಹೀಗೆ ಆಸರೆ ಇಲ್ಲದ, ಲಂಗರು ಹಾಕೋಕೆ ಮಾತ್ರ ಆಗೋ ಬಯಲು ನೀರಿಗೆ ಇಂಗ್ಲಿಷಲ್ಲಿ ರೋಡ್‌ಸ್ಟೆಡ್ ಅಂತ ಬೇರೆ ಶಬ್ದವೇ ಉಂಟು, ಹಳೇ ನಕ್ಷೆಗಳಲ್ಲಿ ಬರೀ ರೋಡ್ಸ್ ಅಂತ ಹಾಕಿರ್ತಾರೆ. ರಸ್ತೆ ಅಂತ ಓದ್ಕೋಬೇಡಿ.

ಹಡಗಿನ ಎಡಭಾಗಕ್ಕೂ ಪೋರ್ಟ್ ಅಂತಾರೆ, ಅದು ಗೊಂದಲ ಮಾಡ್ಬಾರ್ದು. ಮೊದಲು ಅದಕ್ಕೆ ಲಾರ್ಬೋರ್ಡ್ ಅಂತಿದ್ರು, ಬಲಭಾಗ ಸ್ಟಾರ್ಬೋರ್ಡ್. ಗಾಳಿ ಹೊಡೆಯುವಾಗ ಕೂಗಿದ್ರೆ ಎರಡೂ ಒಂದೇ ಥರ ಕೇಳಿ ಅಪಾಯ ಆಗ್ತದೆ ಅಂತ ಬ್ರಿಟಿಷ್ ನೌಕಾಪಡೆ 1844ರಲ್ಲಿ ಲಾರ್ಬೋರ್ಡ್ ಬಿಟ್ಟು ಪೋರ್ಟ್ ಅಂತಲೇ ಹೇಳ್ಬೇಕು ಅಂತ ಆದೇಶ ಮಾಡ್ತು. ಚುಕ್ಕಾಣಿ ಹಲಗೆ ಬಲಗಡೆ ಇರ್ತಿತ್ತು, ಅದಕ್ಕೆ ಧಕ್ಕೆಗೆ ತಾಗಿಸೋದು ಎಡಗಡೆ, ಹಾಗಾಗಿ ಆ ಹೆಸರು.

ಕಡಲಂಚು, ಕುಮಟಾ

ನಾವಿಕಣ್ಣ ಮದ್ರಾಸಿನ ತನಕ ಹೋದ್ರು, ಆದ್ರೆ ಪೋರ್ಟಿಗೂ ಹಾರ್ಬರಿಗೂ ಇರೋ ಫರಕು ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಎದ್ದು ಕಾಣ್ತದೆ, ಅದನ್ನ ಯಾರಾದ್ರೂ ಹೇಳ್ಲೇಬೇಕು.

ನಮ್ಮ ಕುಮಟಾ ತಗೊಳ್ಳಿ. ಇವತ್ತು ಬಂದು ನೋಡಿದ್ರೆ ಇಲ್ಲಿ ದೊಡ್ಡ ಹಡಗು ನಿಲ್ಲೋಕೆ ಏನೂ ಇಲ್ಲ, ಯಾವತ್ತೂ ಇರ್ಲೂ ಇಲ್ಲ, ಬಯಲು ಸಮುದ್ರ. ಆದ್ರೆ 19ನೇ ಶತಮಾನದ ಮಧ್ಯದಲ್ಲಿ ಧಾರವಾಡ ಸೀಮೆಯ ಹತ್ತಿ ಹೊರಗೆ ಹೋಗ್ತಾ ಇದ್ದದ್ದು ಕುಮಟೆಯಿಂದ. ಬಂಡಿಗಳು ಹುಬ್ಬಳ್ಳಿ ಕಡೆಯಿಂದ ಶಿರಸಿಗೆ ಬಂದು ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಬರೋದು, ಇಲ್ಲಿಂದ ಹಾಯಿ ಹಡಗಲ್ಲಿ ಮುಂಬೈಗೆ, ಅಲ್ಲಿಂದ ಲಿವರ್‌ಪೂಲಿಗೆ. ಎಷ್ಟರ ಮಟ್ಟಿಗೆ ಅಂದ್ರೆ ಹತ್ತಿ ಬೆಳೆದದ್ದು ಧಾರವಾಡದ ಎರೆ ಹೊಲದಲ್ಲಿ, ಆದ್ರೆ ಪೇಟೆಯಲ್ಲಿ ಆ ಹತ್ತಿಗೇ ಕುಮಟಾ ಅಂತ ಹೆಸರು ಬಿತ್ತು. ಒಂದು ಗೇಣು ಹತ್ತಿ ಬೆಳೆಯದ ಊರಿನ ಹೆಸರು ಹತ್ತಿಯ ತಳಿಗೆ ಬರೋದು ಅಂದ್ರೆ ಅದು ಪೋರ್ಟಿನ ತಾಕತ್ತು. ಹಾರ್ಬರ್ ಇಲ್ಲದ ಪೋರ್ಟ್.

ಅದೇ ಕಾಲದಲ್ಲಿ ಕಾರವಾರ ನೋಡಿ. ದಕ್ಷಿಣಕ್ಕೆ ಬೈತಖೋಲ್ ಗುಡ್ಡ ಅಡ್ಡ ನಿಂತಿದೆ, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು, ಮಳೆಗಾಲದ ನೈರುತ್ಯ ಗಾಳಿಗೂ ಒಳಗೆ ಹಡಗು ನಿಲ್ಲಬಹುದು. ಈ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲೂ ಆಸರೆ ಕೊಡೋ ಜಾಗ ಬೆರಳೆಣಿಕೆ, ಅದರಲ್ಲಿ ಕಾರವಾರ ಒಂದು. ಆದ್ರೆ ವ್ಯಾಪಾರ ಅಷ್ಟಾಗಿ ಇರ್ಲಿಲ್ಲ. 1638ರಲ್ಲಿ ಇಂಗ್ಲಿಷರು ಕಾಳಿ ನದಿ ಒಳಗೆ ಕಡವಾಡದಲ್ಲಿ ಕೋಠಿ ಹಾಕಿದ್ದು ಹೌದು, ಕಾಳುಮೆಣಸು, ಬಟ್ಟೆ ಕೊಂಡದ್ದು ಹೌದು, ಆಮೇಲೆ ಅದೆಲ್ಲ ನಿಂತುಹೋಯ್ತು. ಹಾರ್ಬರ್ ಮಾತ್ರ ಇತ್ತು.

1861ರಲ್ಲಿ ಅಮೆರಿಕಾದಲ್ಲಿ ಅಂತರ್ಯುದ್ಧ ಶುರುವಾಗಿ ಲಂಕಾಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಬ್ರಿಟಿಷರ ಕಣ್ಣು ಧಾರವಾಡದ ಹತ್ತಿ ಮೇಲೆ ಬಿತ್ತು, ಅದನ್ನ ವರ್ಷವಿಡೀ ಸಾಗಿಸೋಕೆ ಕುಮಟೆಯ ಬಯಲು ಸಮುದ್ರ ಸಾಕಾಗೋದಿಲ್ಲ ಅಂತ ಕಾರವಾರದ ಹಾರ್ಬರ್ ಮೇಲೂ ಬಿತ್ತು. 1862ರಲ್ಲಿ ನಮ್ಮ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ರಲ್ಲ, ಅದರ ಹಿಂದೆ ಈ ಹತ್ತಿ ಮತ್ತು ಈ ಹಾರ್ಬರ್ ಇತ್ತು. ಜಿಲ್ಲಾ ಕೇಂದ್ರ ಕಾರವಾರ ಆಯ್ತು, 1864ರಲ್ಲಿ ದೇವಗಡದ ದೀಪಸ್ತಂಭ ಆಯ್ತು, ಘಟ್ಟದ ಮೇಲಿಂದ ರಸ್ತೆ ಬಂತು, ರೈಲಿನ ಮಾತೂ ಆಯ್ತು.

ರೈಲು ಬರ್ಲಿಲ್ಲ. ಯುದ್ಧ ಮುಗೀತು, ಹತ್ತಿ ಬೆಲೆ ಬಿತ್ತು, ಕೊನೆಗೆ 1880ರ ದಶಕದಲ್ಲಿ ಪೋರ್ಚುಗೀಸರ ಮುರಗಾಂವಿಗೆ ಕ್ಯಾಸಲ್‌ರಾಕ್ ಮೇಲಿಂದ ರೈಲು ಇಳೀತು, ಧಾರವಾಡದ ಸರಕು ಪೂರಾ ಆ ಕಡೆ ತಿರುಗ್ತು. ಕಾರವಾರದ ಪೋರ್ಟ್ ಒಣಗಿತು. ಆದ್ರೆ ಹಾರ್ಬರಿಗೆ ಏನಾಯ್ತು? ಏನೂ ಆಗ್ಲಿಲ್ಲ, ಅದೇ ಗುಡ್ಡ, ಅದೇ ದ್ವೀಪ, ಅದೇ ಆಳ. ಒಂದು ನೂರು ವರ್ಷ ದಾಟಿದ ಮೇಲೆ ನೇವಿಯವರು ಇದೇ ಕರಾವಳಿಗೆ ಬಂದ್ರು, 1986ರಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ. ಅವರಿಗೆ ಬೇಕಾದದ್ದು ಯುದ್ಧನೌಕೆಗೆ ಆಸರೆ, ಅಲ್ಲಿ ಸರಕಿನ ವ್ಯಾಪಾರ ಇಲ್ಲ, ಅದಕ್ಕೇ ಅದನ್ನ ಪೋರ್ಟ್ ಅನ್ನೋದಿಲ್ಲ. ಹವಾಯಿಯ ಪರ್ಲ್ ಹಾರ್ಬರ್ ಹೆಸರು ಕೇಳಿರ್ತೀರಿ, ಅದೂ ನೌಕಾನೆಲೆಯೇ.

ಹಾಗಾಗಿ ಮನವಿ ಮಾಡೋ ತಮ್ಮನಿಗೆ ನನ್ನದೊಂದು ಮಾತು. "ಕಾರವಾರದ ನೈಸರ್ಗಿಕ ಬಂದರು" ಅಂತ ಎಲ್ಲಾದ್ರೂ ಇದ್ರೆ ಕಣ್ಣು ಮುಚ್ಚಿ ನ್ಯಾಚುರಲ್ ಹಾರ್ಬರ್ ಅಂತ ಹಾಕು. ನ್ಯಾಚುರಲ್ ಪೋರ್ಟ್ ಅಂದ್ರೆ ಓದಿದವರಿಗೆ ತಡೀತದೆ, ಪೋರ್ಟನ್ನ ಯಾವಾಗ್ಲೂ ಮನುಷ್ಯರೇ ಮಾಡೋದು.

ಬೆಳಂಬಾರದ ಹುಡುಗಿ, ಅಂಕೋಲಾ

ಎಲ್ಲರದ್ದೂ ಓದ್ದೆ, ತುಂಬ ಚಂದ ಉಂಟು, ಆದ್ರೆ ನನಗೆ ಒಂದು ಕಡೆ ಒಪ್ಪಿಗೆ ಇಲ್ಲ. ಹಾರ್ಬರ್ ಅಂದ್ರೆ ಆಸರೆ, ಪೋರ್ಟ್ ಅಂದ್ರೆ ವ್ಯಾಪಾರ ಅಂತ ಅಷ್ಟು ಕಟ್ಟುನಿಟ್ಟಾಗಿ ಹೇಳೋಕೆ ಆಗ್ತದಾ? ಸಿಡ್ನಿ ಹಾರ್ಬರ್ ಅಂತಾರಲ್ಲ, ಆ ಹಾರ್ಬರಿನ ಹಳೇ ಹೆಸರು ಪೋರ್ಟ್ ಜಾಕ್ಸನ್, 1770ರಲ್ಲಿ ಕ್ಯಾಪ್ಟನ್ ಕುಕ್ ಇಟ್ಟದ್ದು. ಅವನು ಒಳಗೂ ಹೋಗಿಲ್ಲ, ಹೊರಗಿಂದ ನೋಡಿ ಇಲ್ಲಿ ಲಂಗರು ಹಾಕೋಕೆ ಅಡ್ಡಿಲ್ಲ ಅಂತ ಹೆಸರು ಬರ್ಕೊಂಡು ಮುಂದೆ ಹೋದ. ಅಲ್ಲಿ ಆಗ ಕಸ್ಟಮ್ಸೂ ಇಲ್ಲ ಗೋದಾಮೂ ಇಲ್ಲ. ಮತ್ತೆ ಇಂಗ್ಲಿಷಲ್ಲಿ ಎನಿ ಪೋರ್ಟ್ ಇನ್ ಎ ಸ್ಟಾರ್ಮ್ ಅಂತ ಒಂದು ಮಾತೇ ಉಂಟು, ಬಿರುಗಾಳಿಯಲ್ಲಿ ಸಿಕ್ಕಿದವರಿಗೆ ಯಾವ ಬಂದರಾದ್ರೂ ಸೈ ಅಂತ. ಅಲ್ಲಿ ಪೋರ್ಟ್ ಅಂದ್ರೆ ಪೂರ್ತಿ ಆಸರೆಯೇ ಆಯ್ತಲ್ಲ. ನಮ್ಮಲ್ಲಿ ಫಿಶಿಂಗ್ ಹಾರ್ಬರ್ ಅಂತಾರೆ, ಜಪಾನಿನವರದ್ದನ್ನ ಇಂಗ್ಲಿಷಲ್ಲಿ ಬರೆಯುವಾಗ ಫಿಶಿಂಗ್ ಪೋರ್ಟ್ ಅಂತ ಬರೀತಾರೆ. ಇದಕ್ಕೆಲ್ಲ ಏನು ಹೇಳ್ತೀರಿ?

ಘಟ್ಟದ ಮೇಲಿನವಳು, ಶಿರಸಿ

ತಂಗಿ, ನೀನು ಹೇಳಿದ ಎಲ್ಲವೂ ಸರಿ, ಮತ್ತೆ ಅದು ಹೇಳ್ಲೇಬೇಕಾದ ಮಾತು. ಹಳೇ ಕಾಲದ ಇಂಗ್ಲಿಷಲ್ಲಿ ಪೋರ್ಟಿಗೆ ಆಸರೆಯ ಅರ್ಥವೂ ಗಟ್ಟಿಯಾಗಿ ಇತ್ತು, ಲ್ಯಾಟಿನ್ನಿನ ಪೋರ್ಟುಸ್‌ನಲ್ಲೂ ಅದು ಇದೆ. ಕುಕ್ ಬರೆದದ್ದು ಆ ಕಾಲದ ರೂಢಿಯಲ್ಲಿ. ಗಾದೆ, ಊರಿನ ಹೆಸರು ಇವುಗಳಲ್ಲಿ ಹಳೇ ಅರ್ಥ ಹಾಗೇ ಉಳ್ಕೊಳ್ತದೆ, ಅದರಿಂದ ಇವತ್ತಿನ ಬಳಕೆ ಅಳೆಯೋಕೆ ಹೋಗ್ಬಾರ್ದು.

ಆದ್ರೆ ಇವತ್ತಿನ ಸರ್ಕಾರದ ಕಾಗದದಲ್ಲಿ ಎರಡೂ ಸಾಕಷ್ಟು ದೂರ ಹೋಗಿವೆ. 1908ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಇಂಡಿಯನ್ ಪೋರ್ಟ್ಸ್ ಆಕ್ಟ್, 2025ರಲ್ಲಿ ಬಂದ ಹೊಸದಕ್ಕೂ ಅದೇ ಹೆಸರು. ಕಾನೂನಿನ ಕಣ್ಣಿಗೆ ಪೋರ್ಟ್ ಅಂದ್ರೆ ಇಂತಿಂಥ ಗಡಿ ಅಂತ ಅಧಿಸೂಚನೆ ಆಗಿರೋ ಪ್ರದೇಶ. ಮೇಜರ್ ಪೋರ್ಟ್ ಅನ್ನೋದೂ ಗಾತ್ರದ ಮಾತಲ್ಲ, ಕೇಂದ್ರದ ಕೈಯಲ್ಲಿ ಇರೋದು ಮೇಜರ್. ನಮ್ಮ ರಾಜ್ಯದಲ್ಲಿ ನವಮಂಗಳೂರು ಮಾತ್ರ ಮೇಜರ್, ಕಾರವಾರ ರಾಜ್ಯದ ಕೈಯಲ್ಲಿ. ಗುಜರಾತಿನ ಮುಂದ್ರಾ ಅಷ್ಟು ದೊಡ್ಡದಾದ್ರೂ ಕಾನೂನಿನ ಲೆಕ್ಕದಲ್ಲಿ ಮೇಜರ್ ಅಲ್ಲ. ಮೀನುಗಾರಿಕೆಗೆ ನಮ್ಮ ದೇಶದಲ್ಲಿ ಬಳಸೋದು ಫಿಶಿಂಗ್ ಹಾರ್ಬರ್ ಅಂತ, ಅದಕ್ಕಿಂತ ಚಿಕ್ಕದಕ್ಕೆ ಫಿಶ್ ಲ್ಯಾಂಡಿಂಗ್ ಸೆಂಟರ್. ಜಪಾನಿನವರು ಹೇಗಾದ್ರೂ ಬರೀಲಿ, ತಮ್ಮನ ಮನವಿ ದಿಲ್ಲಿಗೆ ಹೋಗೋದು, ದಿಲ್ಲಿಯವರ ಕಡತದಲ್ಲಿ ಇರೋ ಶಬ್ದವೇ ಹಾಕ್ಬೇಕು.

ಕರಿಕೋಟು, ಶಿರಸಿ

ವಕೀಲನಾಗಿ ನನ್ನದು ಒಂದು ಎಚ್ಚರಿಕೆ. ಹಾರ್ಬರ್ ಅನ್ನೋದನ್ನ ಕ್ರಿಯಾಪದ ಮಾಡೋಕೆ ಹೋಗ್ಬೇಡಿ. ಅಪರಾಧಿಗೆ ಆಸರೆ ಕೊಟ್ಟು ಬಚ್ಚಿಡೋದಕ್ಕೆ ಕಾನೂನಲ್ಲಿ ಹಾರ್ಬರಿಂಗ್ ಅಂತಲೇ ಶಬ್ದ. ಹಳೇ ಭಾರತೀಯ ದಂಡ ಸಂಹಿತೆಯ 212ನೇ ಕಲಂ ಅದು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 249. ಉಳಿಯೋಕೆ ಜಾಗ ಕೊಡೋದಷ್ಟೇ ಅಲ್ಲ, ಊಟ, ನೀರು, ಹಣ, ಬಟ್ಟೆ, ಹೋಗೋಕೆ ಗಾಡಿ ಕೊಟ್ರೂ ಅದರ ವ್ಯಾಖ್ಯೆಯೊಳಗೆ ಬರ್ತದೆ. ಮನಸ್ಸಲ್ಲಿ ಹಗೆ, ಸಂಶಯ ಇಟ್ಕೊಂಡು ಸಾಕೋದಕ್ಕೂ ಇಂಗ್ಲಿಷಲ್ಲಿ ಅದೇ ಕ್ರಿಯಾಪದ. ಮೇಡಂ ಹೇಳಿದ ಛತ್ರದ ಅರ್ಥ ಕ್ರಿಯಾಪದದಲ್ಲಿ ಹೀಗೆ ಕೆಟ್ಟದ್ದರ ಕಡೆ ವಾಲಿದೆ, ನಾಮಪದದಲ್ಲಿ ವಾಲಿಲ್ಲ.

ಹಾಗಾಗಿ "ಹೊರಗಿನ ಬೋಟುಗಳೂ ನಮ್ಮ ಬಂದರನ್ನೇ ಆಶ್ರಯಿಸುತ್ತವೆ" ಅನ್ನೋದಕ್ಕೆ ಕಾರವಾರ್ ಹಾರ್ಬರ್ಸ್ ಬೋಟ್ಸ್ ಅಂತ ಬರೆದ್ರೆ ವ್ಯಾಕರಣದಲ್ಲಿ ಕುಂದಿಲ್ಲ, ಆದ್ರೆ ಆ ಬೋಟಿನವರು ಏನೋ ಮಾಡಿ ತಪ್ಪಿಸಿಕೊಂಡು ಬಂದ ಹಾಗೆ ಒಂದು ವಾಸನೆ ಬರ್ತದೆ. ಟೇಕ್ ಶೆಲ್ಟರ್ ಇನ್ ಕಾರವಾರ್ ಹಾರ್ಬರ್ ಅಂತ ಬರೀರಿ, ಶೆಲ್ಟರ್ ಶಬ್ದಕ್ಕೆ ಯಾವ ಕಲೆಯೂ ಇಲ್ಲ.

ಹಳೇ ನಾವಿಕ, ಹೊನ್ನಾವರ

ವಕೀಲರು ಹೇಳಿದ್ದು ಒಳ್ಳೇದಾಯ್ತು. ಆ ವಾಕ್ಯಕ್ಕೆ ಒಂದು ಆಧಾರವೂ ಸೇರಿಸಿ, 2019ರ ಅಕ್ಟೋಬರಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಗೋವಾ, ಮಲ್ಪೆ, ಇನ್ನೂ ದಕ್ಷಿಣದ ಬೋಟುಗಳೆಲ್ಲ ಕಾರವಾರಕ್ಕೆ ಬಂದು ಲಂಗರು ಹಾಕಿ ಕೂತಿದ್ವು. ಆವತ್ತು ಅವರು ಮೀನು ಮಾರೋಕೆ ಬಂದದ್ದಲ್ಲ, ಜೀವ ಉಳಿಸ್ಕೊಳ್ಳೋಕೆ. ನಮ್ಮ ಶರಾವತಿ ಅಳಿವೆಯಲ್ಲಿ ಮರಳು ತುಂಬಿ ಒಳಗೆ ಬರೋ ದಾರಿಯೇ ಅಪಾಯ, ಗಾಳಿ ಎದ್ದಾಗ ಅಲ್ಲಿ ನುಗ್ಗೋಕೆ ಅನುಭವ ಇರೋ ತಾಂಡೇಲನೂ (ಬೋಟು ನಡೆಸೋನು) ಹಿಂದೆ ಮುಂದೆ ನೋಡ್ತಾನೆ. ಹಂಗಾಗಿ ಕಾರವಾರದ ಹಾರ್ಬರ್ ಬರೀ ಕಾರವಾರದವರದ್ದಲ್ಲ, ಈ ಇಡೀ ಕರಾವಳಿಯ ಬೋಟಿನವರದ್ದು. ಇದನ್ನ ಮನವಿಯಲ್ಲಿ ಬಲವಾಗಿ ಹೇಳಿ.

ಕಾಳಿದಂಡೆ, ಕಾರವಾರ

ಎಲ್ರಿಗೂ ಕೈ ಮುಗೀತೇನೆ. ನಿನ್ನೆ ರಾತ್ರಿ ಸಂಘದ ಹಿರಿಯರ ಎದುರು ಕೂತು ಇದನ್ನೆಲ್ಲ ಓದಿ ಹೇಳ್ದೆ, ಕುಮಟೆಯ ಹತ್ತಿ ಕಥೆ ಎರಡು ಸಲ ಓದಿಸಿದ್ರು. ಈಗ ವಾಕ್ಯ ಹೀಗೆ ಮಾಡಿದ್ದೇನೆ, ನೋಡಿ.

ಹೂಳು ತುಂಬಿರೋದು ಹಾರ್ಬರ್ ಬೇಸಿನ್ನಲ್ಲಿ, ಬೋಟು ಒಳಗೆ ಬರೋ ದಾರಿ ಹಾರ್ಬರ್ ಎಂಟ್ರನ್ಸ್. ತೂಫಾನಿನ ವಾಕ್ಯಕ್ಕೆ ವಕೀಲರು ಹೇಳಿದ ಹಾಗೆ ಶೆಲ್ಟರ್. "ಬಂದರು ಅಭಿವೃದ್ಧಿ ಮಾಡಿಕೊಡಬೇಕು" ಅಂತ ಹಿರಿಯರು ಕೇಳಿದ್ದು ಹೂಳೆತ್ತೋದು, ಧಕ್ಕೆ ಉದ್ದ ಮಾಡೋದು, ಐಸ್, ಕುಡಿಯೋ ನೀರು, ಬಲೆ ರಿಪೇರಿಗೆ ಶೆಡ್ ಇವನ್ನ, ಅದಕ್ಕೆ ಇಂಪ್ರೂವ್‌ಮೆಂಟ್ ಆಫ್ ದ ಫಿಶಿಂಗ್ ಹಾರ್ಬರ್ ಅಂತ ಹಾಕಿದೆ. "ಬಂದರು ವಿಸ್ತರಣೆಗೆ ವಿರೋಧ" ಅನ್ನೋದು ಸರಕಿನ ಹಡಗಿನ ಬರ್ತ್ ಜಾಸ್ತಿ ಮಾಡಿ ಟಾಗೋರ್ ಕಡಲತೀರದ ಕಡೆ ಬರೋದ್ರ ಬಗ್ಗೆ, 2020ರ ಜನವರಿಯಲ್ಲಿ ಊರೇ ಬಂದ್ ಆಗಿತ್ತಲ್ಲ ಅದೇ ವಿಷಯ, ಅದಕ್ಕೆ ಎಕ್ಸ್‌ಪಾನ್ಷನ್ ಆಫ್ ದ ಕಮರ್ಷಿಯಲ್ ಪೋರ್ಟ್. ಈಗ ಇಂಗ್ಲಿಷ್ ಪ್ರತಿ ಓದಿದ್ರೆ ನಮಗೆ ಹಾರ್ಬರ್ ಬೇಕು, ಪೋರ್ಟ್ ಬೆಳೆದು ಆ ಹಾರ್ಬರನ್ನ ನುಂಗೋದು ಬೇಡ ಅನ್ನೋದು ಸ್ಪಷ್ಟ ಆಗ್ತದೆ. ಕನ್ನಡದಲ್ಲಿ ಮಾತಿನ ಧ್ವನಿಯಲ್ಲೇ ತಿಳೀತಿದ್ದದ್ದು ಅಲ್ಲಿ ಶಬ್ದದಲ್ಲೇ ಬಂತು.

ಇನ್ನು ಎರಡು ಉಳೀತು. ಬಂದರು ಇಲಾಖೆ ಅಂತ ಇರೋದಕ್ಕೆ ಪೋರ್ಟ್ ಡಿಪಾರ್ಟ್‌ಮೆಂಟ್ ಸಾಕಾ? ಮತ್ತೆ ದಿಲ್ಲಿಯಲ್ಲಿ ಯಾರ ಹೆಸರಿಗೆ ಬರೀಬೇಕು?

ಕರಿಕೋಟು, ಶಿರಸಿ

ಇಲಾಖೆಯ ಹೆಸರನ್ನ ನಾವು ಅನುವಾದ ಮಾಡ್ಬಾರ್ದು, ಅವರೇ ಇಟ್ಕೊಂಡ ಇಂಗ್ಲಿಷ್ ಹೆಸರು ಹಾಗೇ ಹಾಕ್ಬೇಕು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ ಪೋರ್ಟ್ಸ್ ಅಂಡ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಅಂತ ಉಂಟು. ಈಗ ಬಂದರುಗಳ ಕೆಲಸಕ್ಕೆ ಕರ್ನಾಟಕ ಮ್ಯಾರಿಟೈಮ್ ಬೋರ್ಡ್ ಕೂಡ ಇದೆ, ನಿಮ್ಮ ಮನವಿಯಲ್ಲಿ ಯಾವುದನ್ನ ಉದ್ದೇಶಿಸಿದ್ದು ಅಂತ ಹಿರಿಯರನ್ನ ಕೇಳಿ ನಿಖರವಾಗಿ ಬರೀರಿ.

ದಿಲ್ಲಿಯದ್ದು ಎರಡು ಕಾಗದ ಮಾಡಿ, ಒಂದರಲ್ಲೇ ಎಲ್ಲ ತುಂಬಿಸ್ಬೇಡಿ. ಹಾರ್ಬರಿನ ಬೇಡಿಕೆ ನೋಡೋದು ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಚಿವಾಲಯ. ಪೋರ್ಟಿನ ವಿಷಯಕ್ಕೆ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯ, 2020ರ ತನಕ ಅದರ ಹೆಸರು ಬರೀ ಶಿಪ್ಪಿಂಗ್ ಅಂತ ಇತ್ತು. ಹೂಳೆತ್ತಿ ಅಂತ ಪೋರ್ಟ್ಸ್ ಸಚಿವಾಲಯಕ್ಕೆ ಬರೆದ್ರೆ ಇದು ನಮ್ಮದಲ್ಲ ಅಂತ ಕಾಗದ ಅಲ್ಲಿಂದ ಇಲ್ಲಿಗೆ ತಿರುಗ್ತಾ ಇರ್ತದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಲ್ಲಿ ಬೋಟು ಕಡಲಿಗೆ ಇಳಿಯೋ ಹೊತ್ತಿಗೆ ಏನೂ ಆಗಿರೋದಿಲ್ಲ. ಮೂಲ ಕನ್ನಡ ಪ್ರತಿಯನ್ನೂ ಎರಡಕ್ಕೂ ಲಗತ್ತಿಸಿ, ಕೆಳಗೆ ಸಂಘದ ಸೀಲ್ ಹಾಕಿಸಿ, ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ.

ಘಟ್ಟದ ಮೇಲಿನವಳು, ಶಿರಸಿ

ವಾಕ್ಯಗಳು ಅಡ್ಡಿಲ್ಲ ತಮ್ಮಾ, ಚಲೋ ಬಂದಿದೆ. ಒಂದೇ ತಿದ್ದುಪಡಿ: ಹಾರ್ಬರ್ ಸ್ಪೆಲ್ಲಿಂಗಲ್ಲಿ ನಮ್ಮ ಸರ್ಕಾರದ ಕಾಗದ ಬ್ರಿಟಿಷ್ ರೂಢಿಯದ್ದು, ಕೊನೆಗೆ ಆರ್ ಅಕ್ಷರಕ್ಕೆ ಮೊದಲು ಒ ಮತ್ತು ಯು ಎರಡೂ ಬೇಕು. ನಿನ್ನ ಕಂಪ್ಯೂಟರ್ ಅಮೆರಿಕನ್ ಇಂಗ್ಲಿಷಲ್ಲಿ ಇದ್ರೆ ಯು ಬೇಡ ಅಂತ ಕೆಂಪು ಗೆರೆ ಎಳೀತದೆ, ಅದನ್ನ ಕೇಳ್ಬೇಡ. ಪರ್ಲ್ ಹಾರ್ಬರಿಗೆ ಮಾತ್ರ ಯು ಇಲ್ಲ, ಅದು ಅವರ ಊರಿನ ಹೆಸರು.